ಹಂಪಿ–ಆನೆಗೊಂದಿ ಭಾಗದ ಊರಿನವರಿಗೆ ಪ್ರವಾಸಿಗರು ಬೇಕೇ, ಬೇಡವೇ?

ಪ್ರಶ್ನೆ: ಗಂಗಾವತಿ ಸೀಮೆಯವ

ನಮ್ಮ ಮೂಲ ಮನೆ ಗಂಗಾವತಿ ತಾಲ್ಲೂಕಿನಲ್ಲಿ, ಆನೆಗೊಂದಿಗೆ ಸಮೀಪದ ಒಂದು ಹಳ್ಳಿಯಲ್ಲಿದೆ. ನಾನು ಉದ್ಯೋಗದ ನಿಮಿತ್ತ ಬೆಂಗಳೂರಿನಲ್ಲಿ ನೆಲೆಸಿದ್ದೇನೆ. ಅಪ್ಪ, ಅವ್ವ ಮತ್ತು ತಮ್ಮ ಊರಿನಲ್ಲಿಯೇ ಇದ್ದು ಭತ್ತದ ಗದ್ದೆಯನ್ನೂ ಸ್ವಲ್ಪ ಬಾಳೆಯನ್ನೂ ನೋಡಿಕೊಳ್ಳುತ್ತಿದ್ದಾರೆ. ಮನೆಯ ಹಿತ್ತಲಿನಲ್ಲಿ ಎರಡು ಮೂರು ಕೋಣೆ ಕಟ್ಟಿಸಿ ಪ್ರವಾಸಿಗರಿಗೆ ಬಾಡಿಗೆಗೆ ಕೊಡಬೇಕೆಂದು ತಮ್ಮ ಈಗ ಹಟ ಹಿಡಿದಿದ್ದಾನೆ. ಅಂಜನಾದ್ರಿ ಬೆಟ್ಟಕ್ಕೆ ಬರುವ ಭಕ್ತರು, ಹಂಪಿ ನೋಡಿ ತುಂಗಭದ್ರಾ ಹೊಳೆ ದಾಟಿ ಈ ಕಡೆ ಬರುವವರು, ಸಾಣಾಪುರದ ಕೆರೆಯಲ್ಲಿ ಹರಿಗೋಲು ಹತ್ತಲು ಬರುವ ಹುಡುಗರು, ಇವರಲ್ಲಿ ನೂರಕ್ಕೊಬ್ಬರು ನಮ್ಮ ಮನೆಗೆ ಬಂದರೂ ಎರಡು ಬೆಳೆಗಿಂತ ಹೆಚ್ಚಿನ ಆದಾಯ ಎಂಬುದು ಅವನ ಲೆಕ್ಕ.

ಅಪ್ಪ ಒಪ್ಪುತ್ತಿಲ್ಲ. "ನೆಂಟರು ಬಂದರೆ ಉಣ್ಣಾಕ ಇಕ್ಕೋಣ, ರೊಕ್ಕ ತಗೊಂಡು ಮಂದೀನ ಮನ್ಯಾಗ ಇಟ್ಟುಕೊಳ್ಳೋದು ನಮಗ ಬ್ಯಾಡ" ಎಂಬುದು ಅವರ ಒಂದೇ ಮಾತು. ಆದರೆ ಮಾತು ಮುಂದುವರಿಸಿದಾಗ ತಿಳಿದದ್ದು, ಅವರ ಸಂಕೋಚದ ಹಿಂದೆ ಇನ್ನೊಂದು ಭಯವೂ ಇದೆ: ಹೊಳೆಯ ನಡುಗಡ್ಡೆಯಾದ ವಿರೂಪಾಪುರ ಗಡ್ಡೆಯಲ್ಲಿ ರೆಸಾರ್ಟ್‌ಗಳಿಗೆ ಆದಂತೆ ಕಟ್ಟಿದ್ದನ್ನೆಲ್ಲ ಒಂದು ದಿನ ಕೆಡವಿದರೆ ಸಾಲವನ್ನು ತೀರಿಸುವವರು ಯಾರು?

ದೂರದಲ್ಲಿದ್ದು ಪತ್ರಿಕೆ ಓದುವ ನನಗೆ ಸಿಗುವ ಸುದ್ದಿ ಎರಡೇ ಬಗೆಯದು. ವಾರಾಂತ್ಯದಲ್ಲಿ ಹಂಪಿಗೆ ಪ್ರವಾಸಿಗರ ದಂಡು ಎಂಬುದು ಒಂದು. ಅನಧಿಕೃತ ರೆಸಾರ್ಟ್‌ಗಳ ತೆರವು ಎಂಬುದು ಇನ್ನೊಂದು. ಇವೆರಡರ ನಡುವೆ ಅಲ್ಲಿ ದಿನವೂ ಬಾಳುವವರಿಗೆ ಏನನ್ನಿಸುತ್ತದೆ ಎಂಬುದು ಎಲ್ಲಿಯೂ ಕಾಣುವುದಿಲ್ಲ. ಆ ಭಾಗದಲ್ಲಿ ವಾಸಿಸುವವರು, ಅಲ್ಲಿ ವ್ಯಾಪಾರ ಮಾಡಿದವರು ದಯವಿಟ್ಟು ಬರೆಯಬೇಕು. ಇಂಥ ಬೇರೆ ಊರುಗಳ ಅನುಭವವಿದ್ದರೂ ಸ್ವಾಗತ.

ಉತ್ತರ: ರಥಬೀದಿ

ನಾನು ಹಂಪಿ ಬಜಾರಿನಲ್ಲಿ, ಅಂದರೆ ವಿರೂಪಾಕ್ಷ ಗುಡಿಯ ಮುಂದಿನ ರಥಬೀದಿಯಲ್ಲಿ ಬೆಳೆದವನು. ಈಗ ಕಡ್ಡಿರಾಂಪುರದಲ್ಲಿದ್ದೇನೆ. ಇಷ್ಟು ಹೇಳಿದರೆ ಈ ಭಾಗದವರಿಗೆ ನನ್ನ ಕಥೆ ಅರ್ಥವಾಗುತ್ತದೆ. ತಮ್ಮಂತೆ ಹೊರಗಿರುವವರಿಗಾಗಿ ವಿವರಿಸುತ್ತೇನೆ.

ಬಜಾರಿನ ಎರಡೂ ಬದಿಯ ಕಲ್ಲಿನ ಸಾಲುಮಂಟಪಗಳಲ್ಲಿ ಹಲವಾರು ಕುಟುಂಬಗಳು ತಲೆಮಾರಿನಿಂದ ವಾಸವಾಗಿದ್ದವು. ಮುಂದೆ ಅಂಗಡಿ, ಹಿಂದೆ ಅಡುಗೆಮನೆ. ಎಂಬತ್ತರ ದಶಕದ ನಂತರ ವಿದೇಶಿಯರು ಬರುವುದು ಹೆಚ್ಚಾದಂತೆ ಮನೆಯ ಒಂದು ಕೋಣೆ ಅವರ ಪಾಲಾಯಿತು, ಆಮೇಲೆ ಹಿಂಭಾಗದಲ್ಲಿ ಮಹಡಿಗಳೆದ್ದವು. ನಮ್ಮ ಓಣಿಯ ಹುಡುಗರು ಶಾಲೆಯಲ್ಲಿ ಕಲಿಯದ ಇಂಗ್ಲಿಷನ್ನು, ಫ್ರೆಂಚನ್ನು ಜಗಲಿಯ ಮೇಲೆ ಕುಳಿತು ಕಲಿತರು. ಅವರಲ್ಲಿ ಕೆಲವರು ಮಾನ್ಯತೆ ಪಡೆದ ಗೈಡ್‌ಗಳಾಗಿ ಇಂದಿಗೂ ಅದೇ ಭಾಷೆಯಿಂದ ಅನ್ನ ಉಣ್ಣುತ್ತಿದ್ದಾರೆ. ಪ್ರವಾಸಿಗರೆಂದರೆ ನಮಗೆ ಸಿಟ್ಟು ಎಂದು ಯಾರಾದರೂ ಬರೆದರೆ ಅದನ್ನು ನಂಬಬೇಡಿ. ಅವರು ಬಂದರೆ ಸಡಗರ, ಬಾರದಿದ್ದರೆ ಚಿಂತೆ. ನಮ್ಮ ವರ್ಷ ನಡೆಯುತ್ತಿದ್ದದ್ದು ಹಾಗೆ.

2011ರ ಜುಲೈ ಕೊನೆಯಲ್ಲಿ ಬಜಾರಿನ ತೆರವು ನಡೆಯಿತು. ಹೈಕೋರ್ಟಿನ ಆದೇಶವಿತ್ತು, ಸ್ಮಾರಕಗಳ ರಕ್ಷಣೆ ಎಂಬ ಕಾರಣವಿತ್ತು, ಎರಡನ್ನೂ ನಾನು ಅಲ್ಲಗಳೆಯುವುದಿಲ್ಲ. ಆದರೆ ಮುನ್ನೂರಕ್ಕೂ ಹೆಚ್ಚು ಕುಟುಂಬಗಳ ಬದುಕನ್ನು ಎತ್ತಿ ಇನ್ನೊಂದು ಕಡೆ ಇಡುವ ಕೆಲಸದಲ್ಲಿ ಯಾರನ್ನೂ ಕೂರಿಸಿಕೊಂಡು ಮಾತನಾಡಲಿಲ್ಲ ಎಂಬ ನೋವು ಇನ್ನೂ ಹೋಗಿಲ್ಲ. ನಮ್ಮ ಪಾಲಿಗೆ ಬಂದ ನಿವೇಶನ ನಾಲ್ಕು ಕಿಲೋಮೀಟರ್ ದೂರದ ಕಡ್ಡಿರಾಂಪುರದ ಬಯಲಿನಲ್ಲಿ. ಅಲ್ಲಿ ಮನೆಯನ್ನೇನೋ ಕಟ್ಟಬಹುದು. ಗುಡಿಯ ಮುಂದೆ ಹೂವು, ಕಾಯಿ, ಚಹಾ, ನಕಾಶೆ ಮಾರುತ್ತಿದ್ದವನಿಗೆ ಆ ಬಯಲಿನಲ್ಲಿ ಗಿರಾಕಿ ಎಲ್ಲಿಂದ ಬರಬೇಕು? ನನ್ನ ತಂದೆ ಕೊನೆಯವರೆಗೂ ಬೆಳಿಗ್ಗೆ ಎದ್ದು ಸೈಕಲ್ ತುಳಿದುಕೊಂಡು ಬಜಾರಿಗೆ ಹೋಗಿ ಬರುತ್ತಿದ್ದರು. ಮಾರಲು ಏನೂ ಇಲ್ಲದ ದಿನಗಳಲ್ಲಿಯೂ ಹೋಗುತ್ತಿದ್ದರು.

ಆದ್ದರಿಂದ ತಮ್ಮ ತಂದೆಯವರ ಭಯವನ್ನು ಹಳೆಯ ಕಾಲದವರ ಅಂಜಿಕೆ ಎಂದು ತಳ್ಳಿಹಾಕಬೇಡಿ. ಕೋಣೆ ಕಟ್ಟಿಸುವ ಮುನ್ನ ಆ ಜಾಗದಲ್ಲಿ ಕಟ್ಟುವ ಹಕ್ಕು ಇದೆಯೇ ಎಂಬುದನ್ನು ಕಾಗದದಲ್ಲಿ ನೋಡಿ. ಬಾಯಿಮಾತಿನಲ್ಲಿ "ಏನೂ ಆಗಂಗಿಲ್ಲ, ಕಟ್ಟಿಸ್ರಿ" ಎಂದು ಧೈರ್ಯ ಹೇಳುವವರು ಇಲ್ಲಿ ಬಹಳ ಮಂದಿ ಇದ್ದಾರೆ. ಜೆಸಿಬಿ ಬಂದ ದಿನ ಅವರಲ್ಲಿ ಒಬ್ಬರೂ ಫೋನ್ ಎತ್ತುವುದಿಲ್ಲ.

ಉತ್ತರ: ಪರಂಪರೆ ಅಧ್ಯಯನ

ನಾನು ಸಂರಕ್ಷಣೆಯ ವಿಷಯವನ್ನು ಓದಿದವನಾದ್ದರಿಂದ ಇನ್ನೊಂದು ಬದಿಯನ್ನೂ ಹೇಳಬೇಕಾಗುತ್ತದೆ. ರಥಬೀದಿಯವರ ನೋವಿಗೆ ಗೌರವವಿದೆ. ಆದರೆ ಸಾಲುಮಂಟಪಗಳ ಕಂಬಗಳ ನಡುವೆ ಇಟ್ಟಿಗೆ ಗೋಡೆ ಎತ್ತಿ, ಕಲ್ಲಿಗೆ ಮೊಳೆ ಹೊಡೆದು, ಸಿಮೆಂಟ್ ಮಹಡಿ ಕಟ್ಟಿದ್ದನ್ನು ಯಾವ ದೇಶದ ಪುರಾತತ್ವ ಇಲಾಖೆಯೂ ನೋಡಿಕೊಂಡು ಸುಮ್ಮನಿರಲಾರದು. ಹಂಪಿಯ ಸ್ಮಾರಕ ಸಮೂಹ 1986ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿತು. ಅದಕ್ಕೆ ಮುಖ್ಯ ಕಾರಣ ಆನೆಗೊಂದಿಯ ಕಡೆಗೂ ವಿರೂಪಾಪುರ ಗಡ್ಡೆಯ ಕಡೆಗೂ ಕಟ್ಟಲು ಹೊರಟಿದ್ದ ಸೇತುವೆಗಳು. ಅಪಾಯದ ಪಟ್ಟಿಯಿಂದ ಹೊರಬರಲು 2006ರವರೆಗೆ ಕಾಯಬೇಕಾಯಿತು. ಈ ನಡುವೆ 2002ರ ಕಾಯ್ದೆಯ ಮೂಲಕ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ಹುಟ್ಟಿತು. ಅದರ ವ್ಯಾಪ್ತಿ ಸುಮಾರು 236 ಚದರ ಕಿಲೋಮೀಟರ್. ಅದರೊಳಗೆ ಹೊಳೆಯ ಎರಡೂ ದಂಡೆಯ 29 ಹಳ್ಳಿಗಳಿವೆ. ಇದರ ಮೇಲೆ, ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕದಿಂದ 100 ಮೀಟರ್‌ವರೆಗೆ ನಿರ್ಮಾಣವನ್ನೇ ನಿಷೇಧಿಸುವ, ಅಲ್ಲಿಂದ ಮುಂದಿನ 200 ಮೀಟರ್‌ಗಳಲ್ಲಿ ಅನುಮತಿ ಕಡ್ಡಾಯ ಮಾಡುವ, ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿಯೂ ಇದೆ. ಸ್ಮಾರಕಗಳೇ ಊರಿನ ನಡುವೆ ಹರಡಿಕೊಂಡಿರುವ ಕಡೆ ಈ ಅಳತೆಪಟ್ಟಿ ಇಟ್ಟರೆ ಎಷ್ಟು ಮನೆಗಳು ಹೊರಗುಳಿಯುತ್ತವೆ ಎಂಬುದನ್ನು ತಾವೇ ಊಹಿಸಬಹುದು.

ಸ್ಥಳೀಯರ ಮನೋಭಾವದ ಬಗ್ಗೆ ಒಂದು ಹಳೆಯ ಸಿದ್ಧಾಂತವಿದೆ. 1975ರಲ್ಲಿ ಜಾರ್ಜ್ ಡಾಕ್ಸಿ ಎಂಬವರು, ಪ್ರವಾಸಿಗರು ಬರಲು ಆರಂಭಿಸಿದಾಗ ಊರಿನವರಿಗೆ ಮೊದಲು ಸಂಭ್ರಮ, ನಂತರ ಉದಾಸೀನ, ಅನಂತರ ಕಿರಿಕಿರಿ, ಕೊನೆಗೆ ಹಗೆತನ ಎಂಬ ನಾಲ್ಕು ಮೆಟ್ಟಿಲುಗಳನ್ನು ಗುರುತಿಸಿದರು. ತರಗತಿಯಲ್ಲಿ ಇದನ್ನು ಕಲಿತು ಹಂಪಿಗೆ ಬಂದವನಿಗೆ ಗೊಂದಲವಾಗುತ್ತದೆ. ಇಲ್ಲಿ ಜನ ಸಂಭ್ರಮದ ಮೆಟ್ಟಿಲಿನಿಂದ ಕೆಳಗಿಳಿದೇ ಇಲ್ಲ. ಅವರ ಹಗೆತನವೆಲ್ಲ ಕಾನೂನಿನ ಮೇಲೆ, ಕಚೇರಿಯ ಮೇಲೆ. ಡಾಕ್ಸಿಯ ಮೆಟ್ಟಿಲುಗಳಲ್ಲಿ ಪ್ರವಾಸಿ ಮತ್ತು ನಿವಾಸಿ ಇಬ್ಬರೇ ಇದ್ದಾರೆ. ನಮ್ಮಲ್ಲಿ ಇವರಿಬ್ಬರ ನಡುವೆ ಸರ್ಕಾರವಿದೆ, ನ್ಯಾಯಾಲಯವಿದೆ, ಹೊಸಪೇಟೆಯ ಹೋಟೆಲ್ ಮಾಲೀಕರೂ ಇದ್ದಾರೆ.

ಉತ್ತರ: ರಥಬೀದಿ

ಪರಂಪರೆ ಅಧ್ಯಯನದವರೇ, ಮೊಳೆ ಹೊಡೆದದ್ದು ನಿಜ. ಒಂದು ಪ್ರಶ್ನೆ ಮಾತ್ರ ಕೇಳುತ್ತೇನೆ. ರಥೋತ್ಸವದ ದಿನ ಚೈತ್ರದ ಬಿಸಿಲಿನಲ್ಲಿ ತೇರು ಎಳೆಯುವವರು, ಫಲಪೂಜೆಗೆ ನೆರೆಯುವವರು, ಗುಡಿಯ ಪಂಕ್ತಿಯಲ್ಲಿ ಬಡಿಸುವವರು ಇದೇ ಹಳ್ಳಿಗಳವರಲ್ಲವೇ? ವಿರೂಪಾಕ್ಷನಿಗೆ ಪೂಜೆ ನಿಂತಿಲ್ಲ ಎಂದು ಎಲ್ಲ ವರದಿಗಳೂ ಹೆಮ್ಮೆಯಿಂದ ಹೇಳುತ್ತವೆ. ಆ ಪೂಜೆ ನಿಲ್ಲದಂತೆ ನೋಡಿಕೊಂಡ ಜನ ಮಾತ್ರ ಪರಂಪರೆಯ ಲೆಕ್ಕಕ್ಕೆ ಬಾರದೆ ಒತ್ತುವರಿದಾರರ ಲೆಕ್ಕಕ್ಕೆ ಬಂದರು. ಗೋಡೆ ಒಡೆಯಿರಿ, ಮಹಡಿ ತೆಗೆಯಿರಿ. ಜಗಲಿಯ ಮೇಲೆ ಹೂವಿನ ಬುಟ್ಟಿ ಇಡುವವರನ್ನು ಹೇಗೆ ಉಳಿಸಿಕೊಳ್ಳಬೇಕೆಂದು ಯೋಚಿಸಲು ಅವಕಾಶವಿತ್ತು.

ಉತ್ತರ: ಎರಡನೇ ಬೆಳೆ

ನಾನು ಹೊಳೆಯ ಈಚೆ ದಂಡೆಯ ರೈತ. ಪ್ರಶ್ನೆ ಕೇಳಿದವರ ಊರು ನಮ್ಮ ಊರಿನ ನೆರೆಯಲ್ಲಿಯೇ ಇರಬಹುದು. ಮೇಲಿನ ಚರ್ಚೆಯೆಲ್ಲ ಗುಡಿ, ಬಜಾರು, ಸ್ಮಾರಕಗಳ ಸುತ್ತ ನಡೆದಿದೆ. ಗದ್ದೆಯ ವಿಷಯವನ್ನು ಯಾರೂ ಎತ್ತಲಿಲ್ಲ.

ಈ ಭಾಗದ ಕಾಲುವೆಗಳಲ್ಲಿ ಕೆಲವು ವಿಜಯನಗರದ ಕಾಲದವು, ಇಂದಿಗೂ ಅವುಗಳಲ್ಲಿ ನೀರು ಹರಿಯುತ್ತದೆ. ಪ್ರವಾಸಿಗರು ಬಂಡೆಯ ಮೇಲೆ ಕುಳಿತು ಫೋಟೊ ತೆಗೆಯುವ ಹಸಿರು ಆ ನೀರಿನ ಹಸಿರು, ನಾವು ನಾಟಿ ಮಾಡಿದ ಭತ್ತದ ಹಸಿರು. ಅದಕ್ಕಾಗಿ ನಮಗೆ ಯಾರೂ ಟಿಕೆಟ್ ಹಣ ಕೊಡುವುದಿಲ್ಲ, ಕೊಡಬೇಕೆಂದೂ ನಾನು ಕೇಳುತ್ತಿಲ್ಲ. ಆದರೆ ಸೂರ್ಯ ಮುಳುಗುವುದನ್ನು ನೋಡಲು ಬಂದವರು ಬದುವಿನ ಮೇಲೆ ಬಾಟಲಿ ಒಡೆದು ಹೋದರೆ ಮರುದಿನ ಕೆಸರಿನಲ್ಲಿ ಬರಿಗಾಲಿನಲ್ಲಿ ಇಳಿಯುವವರು ನಾಟಿ ಹಚ್ಚುವ ಹೆಣ್ಣುಮಕ್ಕಳು. ಗಾಜಿನ ಚೂರು ಕೆಸರಿನೊಳಗೆ ಕಾಣುವುದಿಲ್ಲ, ಕಾಲಿಗೆ ಚುಚ್ಚಿದಾಗಲೇ ಗೊತ್ತಾಗುವುದು. ನಮ್ಮ ಹೊಲದಲ್ಲಿ ಕೆಲಸಕ್ಕೆ ಬಂದ ಒಬ್ಬರಿಗೆ ಹಿಮ್ಮಡಿಯಲ್ಲಿ ಹೊಲಿಗೆ ಹಾಕಿಸಬೇಕಾಯಿತು. ಸುಗ್ಗಿಯ ತನಕ ಅವರಿಗೆ ಕೂಲಿ ಇಲ್ಲ. ಇದನ್ನು ಯಾವ ಪ್ರವಾಸೋದ್ಯಮ ನೀತಿಯಲ್ಲಿ ಬರೆದಿದ್ದಾರೆ?

ಅಂಜನಾದ್ರಿಯದು ಬೇರೆಯದೇ ವಿಷಯ. 575 ಮೆಟ್ಟಿಲು ಹತ್ತಿ ಹನುಮನ ದರ್ಶನ ಮಾಡುವವರು ಭಕ್ತರು; ಅವರ ಬಗ್ಗೆ ಊರಿನಲ್ಲಿ ಯಾರೂ ಕೆಟ್ಟ ಮಾತು ಆಡುವುದಿಲ್ಲ. ಕಾಯಿ, ಎಳನೀರು, ಮಿರ್ಚಿ ಮಾರುವವರಿಗೆ ವ್ಯಾಪಾರವೂ ಇದೆ. ಆದರೆ 2022ರ ಬಜೆಟ್ಟಿನಲ್ಲಿ ಬೆಟ್ಟದ ಅಭಿವೃದ್ಧಿಗೆ 100 ಕೋಟಿ ರೂಪಾಯಿ ಘೋಷಣೆಯಾದ ಮೇಲೆ ಸುತ್ತಮುತ್ತಲಿನವರ ತಲೆಯಲ್ಲಿ ಒಂದೇ ಹುಳು: ಯಾರ ಜಮೀನು ಹೋಗುತ್ತದೆ, ಯಾರದು ಉಳಿಯುತ್ತದೆ? ಕೆಲವರು ಬೆಲೆ ಏರುತ್ತದೆಂದು ಕಾಯುತ್ತಿದ್ದಾರೆ, ಕೆಲವರು ಭೂಸ್ವಾಧೀನದ ಹೆದರಿಕೆಯಿಂದ ಬಾವಿ ತೋಡಿಸುವುದನ್ನೇ ಮುಂದೂಡಿದ್ದಾರೆ. ಒಂದೇ ಮನೆಯಲ್ಲಿ ಅಣ್ಣ ಕಾಯುವವನು, ತಮ್ಮ ಹೆದರುವವನು.

ಸಾಣಾಪುರದ ಘಟನೆಯನ್ನೂ ಹೇಳದೆ ಇರಲಾರೆ. 2025ರ ಮಾರ್ಚ್‌ನಲ್ಲಿ ಅಲ್ಲಿನ ಕಾಲುವೆಯ ದಂಡೆಯಲ್ಲಿ ರಾತ್ರಿ ಕುಳಿತಿದ್ದ ಪ್ರವಾಸಿಗರ ಮೇಲೆ ದಾಳಿ ನಡೆದು, ಒಬ್ಬ ವಿದೇಶಿ ಮಹಿಳೆಯ ಮೇಲೂ ಹೋಂಸ್ಟೇ ನಡೆಸುತ್ತಿದ್ದ ಮಹಿಳೆಯ ಮೇಲೂ ಅತ್ಯಾಚಾರವಾಯಿತು. ನೀರಿಗೆ ತಳ್ಳಲ್ಪಟ್ಟ ಒಬ್ಬ ಪ್ರವಾಸಿ ಜೀವ ಕಳೆದುಕೊಂಡ. ಇಡೀ ಸೀಮೆ ತಲೆ ತಗ್ಗಿಸಿತು. ಅದರ ನಂತರ ಊರಿನಲ್ಲಿ ಎರಡು ಮಾತು ಕೇಳಿಬಂದವು. ಇದಕ್ಕೆಲ್ಲ ಹೋಂಸ್ಟೇಗಳೇ ಮೂಲ, ಮುಚ್ಚಿಸಿ ಎಂಬುದು ಒಂದು. ಮನೆಯವರೇ ಅತಿಥಿಗಳ ಜತೆಗಿರುವ ಕ್ರಮಬದ್ಧ ವ್ಯವಸ್ಥೆಯನ್ನು ಮುಚ್ಚಿಸಿದರೆ ಉಳಿಯುವುದು ಯಾರ ಲೆಕ್ಕಕ್ಕೂ ಸಿಗದ ಶೆಡ್ಡುಗಳು ಮಾತ್ರ ಎಂಬುದು ಇನ್ನೊಂದು. ನಾನು ಎರಡನೆಯ ಮಾತಿನವನು, ಆದರೆ ಮೊದಲನೆಯದನ್ನು ಆಡುವವರಲ್ಲಿ ನನ್ನ ಮನೆಯವರೂ ಇದ್ದಾರೆ.

ತಮ್ಮ ಸಹೋದರನಿಗೆ ನನ್ನ ಸಲಹೆ: ಗದ್ದೆಯನ್ನು ಲಾವಣಿಗೆ, ಅಂದರೆ ಗೇಣಿಗೆ ಕೊಟ್ಟು ಪೂರ್ತಿ ಕೋಣೆಗಳನ್ನೇ ನಂಬುವುದು ಬೇಡ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋದಾಗ ನಮಗೆ ಬೆಳೆಯ ಚಿಂತೆ, ಹರಿಗೋಲಿನವರಿಗೆ ಹೊಟ್ಟೆಯ ಚಿಂತೆ. ಹೊಳೆ ಉಕ್ಕಿ ಪುರಂದರ ಮಂಟಪ ಮುಳುಗಿದಾಗಲೆಲ್ಲ ಅವರ ಹರಿಗೋಲುಗಳು ದಡದಲ್ಲಿ ಬೋರಲು ಬಿದ್ದಿರುತ್ತವೆ. ಅಕ್ಟೋಬರ್‌ನಿಂದ ಫೆಬ್ರುವರಿಯವರೆಗೆ ಸೀಸನ್. ಮೇ ತಿಂಗಳ ಬಂಡೆಯ ಕಾವಿನಲ್ಲಿ ಇಲ್ಲಿಗೆ ಬಂದು ತಂಗುವವರು ಕಡಿಮೆ.

ಉತ್ತರ: ಖಾನಾವಳಿ ಅಕ್ಕ

ಇಲ್ಲಿಯವರೆಗೆ ಬರೆದವರೆಲ್ಲ ಗಂಡಸರೆಂದು ತೋರುತ್ತದೆ, ತಪ್ಪಾಗಿದ್ದರೆ ಕ್ಷಮಿಸಿ. ನಾನು ಆನೆಗೊಂದಿಯ ಕಡೆ ಒಂದು ಸಣ್ಣ ಖಾನಾವಳಿ ನಡೆಸುತ್ತೇನೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳಿನ ಪಲ್ಯ, ಶೇಂಗಾ ಚಟ್ನಿ, ಅನ್ನ, ಸಾರು. ಮೊದಲು ನಮ್ಮ ಓಣಿಯವರೇ "ಇದೇನವ್ವ, ಕಂಡವರಿಗೆಲ್ಲ ರೊಟ್ಟಿ ಬಡಿದು ಹಾಕ್ತೀಯಾ" ಎಂದು ಆಡಿಕೊಂಡರು. ಮಗಳನ್ನು ಗಂಗಾವತಿಯ ಕಾಲೇಜಿಗೆ ಸೇರಿಸಿದ ಮೇಲೆ ಅದೇ ಬಾಯಿಗಳು ತಮ್ಮ ಸೊಸೆಯಂದಿರಿಗೂ ಕೆಲಸ ಕೊಡಿಸಬಹುದೇ ಎಂದು ಕೇಳಿದವು.

ನನ್ನ ಮಟ್ಟಿಗೆ ಹೇಳುವುದಾದರೆ ಪ್ರವಾಸಿಗರಿಂದ ನನ್ನ ಕೈಗೆ ನನ್ನದೇ ದುಡ್ಡು ಬಂದಿತು. ಬಾಳೆನಾರಿನಿಂದ ಚೀಲ, ಚಾಪೆ, ಬುಟ್ಟಿ ಹೆಣೆಯುವ ಹೆಣ್ಣುಮಕ್ಕಳು ಆನೆಗೊಂದಿಯಲ್ಲಿದ್ದಾರೆ; ಗೊನೆ ಕಡಿದ ಮೇಲೆ ಹೊಲದ ಬದುವಿನಲ್ಲಿ ಕೊಳೆಯುತ್ತಿದ್ದ ಬಾಳೆದಿಂಡೇ ಅವರಿಗೆ ಬಂಡವಾಳ. ಹೊಳೆಯ ಆಚೆ, ವಿಜಯ ವಿಠ್ಠಲ ದೇವಸ್ಥಾನದ ದಾರಿಯಲ್ಲಿ ಬ್ಯಾಟರಿ ಗಾಡಿ ಓಡಿಸುವ ಹೆಣ್ಣುಮಕ್ಕಳನ್ನು ತಾವು ನೋಡಿರಬಹುದು. ಇವರನ್ನು ಯಾರಾದರೂ ಕೇಳಿದರೆ ಪ್ರವಾಸಿಗರು ಬೇಡ ಎಂದು ಹೇಳಲಾರರು.

ಆದರೆ ಸಂಕಟವೂ ಇದೆ. ನಾನು ಒಂದು ಊಟಕ್ಕೆ ಕೇಳುವ ಹಣಕ್ಕೆ ಗಿರಾಕಿ ಚೌಕಾಸಿ ಮಾಡುತ್ತಾನೆ. ಅವನನ್ನು ಕರೆತಂದ ಆಟೊದವನಿಗೆ ಕಮಿಷನ್ ಕೊಡದಿದ್ದರೆ ಮುಂದಿನ ಬಾರಿ ಅವನು ಗಾಡಿಯನ್ನು ಬೇರೆ ಕಡೆಗೆ ತಿರುಗಿಸುತ್ತಾನೆ. ಮನೆಯ ಅಂಗಳದಲ್ಲಿ ನೀರು ಕಾಯಿಸುತ್ತಿರುವಾಗ, ಮಗು ಎತ್ತಿಕೊಂಡು ನಿಂತಿರುವಾಗ, ಕೇಳದೆ ಫೋಟೊ ತೆಗೆಯುತ್ತಾರೆ. ಬೇಡವೆಂದರೆ ಕೆಲವರು ನಕ್ಕು ನೂರು ರೂಪಾಯಿ ಚಾಚುತ್ತಾರೆ. ಆ ನೂರು ರೂಪಾಯಿ ಬಂದಷ್ಟು ಸಿಟ್ಟು ಫೋಟೊ ತೆಗೆದಾಗಲೂ ಬರುವುದಿಲ್ಲ.

ಇನ್ನೊಂದು ವಿಷಯ: ಪ್ರಶ್ನೆ ಕೇಳಿದ ತಮ್ಮವರೇ, ಅಪ್ಪನ ಮಾತು, ತಮ್ಮನ ಮಾತು ಎರಡನ್ನೂ ಬರೆದಿದ್ದೀರಿ. ಅವ್ವ ಏನೆನ್ನುತ್ತಾರೆ ಎಂದು ಬರೆಯಲಿಲ್ಲ. ಕೋಣೆ ಬಾಡಿಗೆಗೆ ಕೊಟ್ಟರೆ ಹಾಸಿಗೆಯ ಚಾದರ ಒಗೆಯುವವರು, ಬಚ್ಚಲು ತೊಳೆಯುವವರು, ರಾತ್ರಿ ಹನ್ನೊಂದಕ್ಕೆ ಬಂದವರಿಗೆ ಅನ್ನಕ್ಕೆ ಇಡುವವರು ಯಾರು? ನಿಮ್ಮ ತಮ್ಮನ ಲೆಕ್ಕದಲ್ಲಿ ಆ ಕೂಲಿ ಸೇರಿದೆಯೇ?

ಉತ್ತರ: ಮೂಡಿಗೆರೆ ಮಳೆ

ಬೇರೆ ಊರಿನ ಅನುಭವ ಕೇಳಿದ್ದಕ್ಕೆ ಎರಡು ಮಾತು. ಚಿಕ್ಕಮಗಳೂರು ಜಿಲ್ಲೆಯ ನಮಗೆ ತೆರವಿನ ಭಯಕ್ಕಿಂತ ವಾಹನಗಳ ಕಾಟ ದೊಡ್ಡದು. ಸಾಲು ಸಾಲು ರಜೆ ಬಂದರೆ ಮುಳ್ಳಯ್ಯನಗಿರಿಯ ಇಕ್ಕಟ್ಟಿನ ರಸ್ತೆಯಲ್ಲಿ ಕಾರುಗಳು ಗಂಟೆಗಟ್ಟಲೆ ನಿಲ್ಲುತ್ತವೆ. ತೋಟದ ಕೆಲಸದವರ ಜೀಪು, ಆಸ್ಪತ್ರೆಗೆ ಹೋಗುವವರು ಎಲ್ಲರೂ ಅದೇ ಸಾಲಿನಲ್ಲಿ. 2025ರ ಸೆಪ್ಟೆಂಬರ್‌ನಿಂದ ಅಲ್ಲಿಗೆ ಮುಂಗಡ ನೋಂದಣಿ ಕಡ್ಡಾಯವಾಗಿ, ಬೆಳಿಗ್ಗೆಗೆ ಇಷ್ಟು, ಮಧ್ಯಾಹ್ನಕ್ಕೆ ಇಷ್ಟು ವಾಹನ ಎಂಬ ಮಿತಿ ಬಂದಿದೆ. ಹೋಂಸ್ಟೇ ನಡೆಸುವ ಕೆಲವರು ಗೊಣಗಿದರು, ಆದರೆ ರಸ್ತೆಯ ಬದಿಯಲ್ಲಿ ಮನೆ ಇರುವವರು ನೆಮ್ಮದಿಯ ಉಸಿರು ಬಿಟ್ಟರು. ಒಂದೇ ಊರಿನಲ್ಲಿ ಒಬ್ಬರಿಗೆ ಹಿತವಾದದ್ದು ಇನ್ನೊಬ್ಬರಿಗೆ ಹಿತವಾಗುವುದಿಲ್ಲ. "ಸ್ಥಳೀಯರು" ಎಂದು ಒಟ್ಟಾಗಿ ಹೇಳುವವರನ್ನು ಕಂಡರೆ ನನಗೆ ಅನುಮಾನ.

ಪ್ರತಿಕ್ರಿಯೆ: ಗಂಗಾವತಿ ಸೀಮೆಯವ

ಎಲ್ಲರಿಗೂ ಕೃತಜ್ಞತೆಗಳು. ಖಾನಾವಳಿ ಅಕ್ಕನವರ ಪ್ರಶ್ನೆಯನ್ನು ಫೋನಿನಲ್ಲಿ ಅವ್ವನಿಗೆ ಕೇಳಿದೆ. ಕೆಲಸಕ್ಕೆ ಒಬ್ಬ ಆಳನ್ನು ಇಡುವುದಾದರೆ, ಊಟದ ಹಣ ತನ್ನ ಕೈಗೆ ಬರುವುದಾದರೆ ತನ್ನ ಒಪ್ಪಿಗೆ ಇದೆ ಎಂದರು. ಇಷ್ಟು ದಿನ ಈ ವಿಷಯದಲ್ಲಿ ಅವರನ್ನು ಯಾರೂ ಕೇಳಿರಲಿಲ್ಲವಂತೆ. ಹೊಸ ಕಟ್ಟಡದ ಬದಲು ಈಗಿರುವ ಮನೆಯ ಎರಡು ಕೋಣೆಗಳನ್ನೇ ಸರಿಪಡಿಸಿ ಆರಂಭಿಸುವ ಬಗ್ಗೆ ಮಾತು ನಡೆದಿದೆ. ಹಾಗೆ ಮಾಡಿದರೂ ಅನುಮತಿ ಬೇಕಾಗುತ್ತದೆಯೇ? ಎಲ್ಲಿಂದ ಆರಂಭಿಸಬೇಕು?

ಉತ್ತರ: ಪರಂಪರೆ ಅಧ್ಯಯನ

ಬೇಕಾಗುತ್ತದೆ. ಮೊದಲು ತಮ್ಮ ಮನೆ ಇರುವ ಸರ್ವೆ ನಂಬರು ಪ್ರಾಧಿಕಾರದ ಮಹಾಯೋಜನೆಯಲ್ಲಿ ಯಾವ ವಲಯಕ್ಕೆ ಸೇರಿದೆ, ಹತ್ತಿರದ ಸಂರಕ್ಷಿತ ಸ್ಮಾರಕದಿಂದ ಎಷ್ಟು ದೂರದಲ್ಲಿದೆ ಎಂಬುದನ್ನು ಲಿಖಿತವಾಗಿ ಕೇಳಿ. ಜಮೀನು ಕೃಷಿಯದಾಗಿದ್ದರೆ ಕೋಣೆ ಕಟ್ಟುವ ಮುನ್ನ ಭೂಪರಿವರ್ತನೆಯ, ಅಂದರೆ ಅದನ್ನು ಕೃಷಿಯೇತರ ಬಳಕೆಗೆ ಬದಲಿಸಿಕೊಳ್ಳುವ ಪ್ರಶ್ನೆ ಬರುತ್ತದೆ. ಗ್ರಾಮಠಾಣಾದಲ್ಲಿ, ಅಂದರೆ ಊರಿನ ವಾಸದ ಜಾಗದಲ್ಲಿರುವ ಹಳೆಯ ಮನೆಯಾದರೆ ಆ ತೊಡಕು ಕಡಿಮೆ. ಇವೆರಡೂ ಸರಿಯಿದ್ದ ಮೇಲೆ ಪ್ರವಾಸೋದ್ಯಮ ಇಲಾಖೆಯಲ್ಲಿ ಹೋಂಸ್ಟೇ ನೋಂದಣಿಗೆ ಅರ್ಜಿ ಹಾಕಬೇಕು. ಮಾಲೀಕರ ಕುಟುಂಬ ಅಲ್ಲಿಯೇ ವಾಸವಾಗಿರಬೇಕೆಂಬ ಷರತ್ತು ತಮ್ಮ ಮನೆಗೆ ಹೇಗೂ ಅನ್ವಯಿಸುತ್ತದೆ. ವಿದೇಶಿ ಅತಿಥಿಗಳನ್ನು ಇಳಿಸಿಕೊಂಡರೆ 24 ಗಂಟೆಯೊಳಗೆ ಅವರ ವಿವರವನ್ನು ಆನ್‌ಲೈನ್‌ನಲ್ಲಿ ಸಲ್ಲಿಸಬೇಕು. ಇದನ್ನು ತಮ್ಮ ಸಹೋದರ ಮೊದಲೇ ಅರಿತಿರಲಿ.

ಉತ್ತರ: ರಥಬೀದಿ

ಅರ್ಜಿ ಕೊಟ್ಟ ದಿನವೇ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ, ಅದರ ಒಂದು ಪ್ರತಿಯನ್ನು ಬೆಂಗಳೂರಿನಲ್ಲಿ ತಮ್ಮ ಬಳಿಯೂ ಇಟ್ಟುಕೊಳ್ಳಿ. ಕಡ್ಡಿರಾಂಪುರದಲ್ಲಿ ಆ ಮುದ್ರೆಯ ಕಾಗದಕ್ಕಾಗಿ ಪೆಟ್ಟಿಗೆಗಳನ್ನು ತಡಕಾಡಿದ ಮನೆಗಳನ್ನು ಬೇಕಾದಷ್ಟು ತೋರಿಸಬಲ್ಲೆ.